ದಸರಾಗೆ ಆನ್‌ಲೈನ್‌ನಲ್ಲಿ ತರಿಸ್ತೀರಾ? ಹಿಂಗೆ ಮಾಡಿ ನೋಡಿ

ಆಫರ್ ಬಂತು ಅಂತ ತಕ್ಷಣ ಬುಕ್ ಮಾಡ್ಬೇಡಿ, ಕಾರ್ಟಿಗೆ ಹಾಕಿ ಎರಡು ದಿನ ಬಿಡಿ, ಆಮೇಲೂ ಬೇಕು ಅನ್ಸಿದ್ರೆ ಮಾತ್ರ ತಗೊಳ್ಳಿ. ಒಂದೊಂದೇ ಆರ್ಡರ್ ಮಾಡೋ ಬದ್ಲು ಮನೆಯವ್ರೆಲ್ಲರದ್ದೂ ಸೇರಿಸಿ ಒಂದೇ ಸಲ ಹಾಕಿ, ಎಲ್ಲಾ ಒಟ್ಟಿಗೆ ಬರೋ ಆಪ್ಷನ್ ಇದ್ರೆ ಅದನ್ನೇ ಒತ್ತಿ, ಒಂದಿನ ತಡ ಆದ್ರೆ ಏನೂ ಆಗಲ್ಲ.

ಬಟ್ಟೆ ಆದ್ರೆ ಟೇಪ್ ಹಿಡಿದು ಅಳತೆ ನೋಡ್ಕೊಳ್ಳಿ. ಎರಡು ಸೈಜ್ ತರಿಸಿ ಒಂದು ವಾಪಸ್ ಕಳ್ಸೋದು ನಮಗೆ ಫ್ರೀ ಅನ್ಸತ್ತೆ, ಆದ್ರೆ ಗಾಡಿ ಮತ್ತೆ ಅಷ್ಟೇ ದೂರ ಓಡ್ಬೇಕಲ್ವಾ.

ಗೊಂಬೆ ಕೂರ್ಸೋರು ಸೆಲ್ಲರ್ ಯಾರು, ಯಾವ ಊರಿಂದ ಬರತ್ತೆ ಅಂತ ನೋಡ್ಲೇಬೇಕು. ಚನ್ನಪಟ್ಟಣ ನಮ್ ಮೈಸೂರು-ಬೆಂಗಳೂರು ರಸ್ತೆಲೇ ಇದೆ, ಆಲೆಮರದ ಗೊಂಬೆಗೆ ಅರಗಿನ ಬಣ್ಣ ಹಚ್ತಾರೆ, ಅಂಥದ್ದು ಬಿಟ್ಟು ಎಲ್ಲಿಂದ್ಲೋ ಪ್ಲಾಸ್ಟಿಕ್ ಗೊಂಬೆ ತರ್ಸೋದು ನಂಗಂತೂ ಸಂಕಟ. ಸೀರೆಗೂ ಅಷ್ಟೇ, 1912ರಿಂದ ಮೈಸೂರಲ್ಲೇ ರೇಷ್ಮೆ ನೇಯ್ತಿದ್ದಾರೆ. ಹೂವು, ಬಾಳೆಹಣ್ಣು, ಅರಿಶಿನ ಕುಂಕುಮಕ್ಕೆಲ್ಲಾ ಆ್ಯಪ್ ಬೇಡ, ಬಟ್ಟೆ ಚೀಲ ತಗೊಂಡು ದೇವರಾಜ ಮಾರ್ಕೆಟ್ಟಿಗೆ ಹೋಗ್ಬನ್ನಿ.

ಇನ್ನು ಬಾಕ್ಸು. ಹರಿದು ಬಿಸಾಕ್ಬೇಡಿ, ಅಂಟಿರೋ ಟೇಪನ್ನ ನಿಧಾನಕ್ಕೆ ಬಿಡಿಸಿ. ನಮ್ಮನೇಲಿ ಗಟ್ಟಿ ಬಾಕ್ಸುಗಳನ್ನ ಮಗುಚಿ ಹಾಕಿ ಹಳೇ ಬಿಳಿ ಪಂಚೆ ಹಾಸಿದ್ರೆ ಗೊಂಬೆ ಮೆಟ್ಟಿಲು ರೆಡಿ, ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ಕನ್ನ ಎತ್ತಿಟ್ಟು ಹಬ್ಬ ಮುಗಿದ ಮೇಲೆ ಪಟ್ಟದ ಗೊಂಬೆಗಳನ್ನ ಅದ್ರಲ್ಲೇ ಸುತ್ತಿ ಅಟ್ಟಕ್ಕೆ ಹಾಕ್ತೀವಿ. ಮಿಕ್ಕಿದ್ದನ್ನ ನೆನೆಯೋಕೆ ಬಿಡದೆ ಒಣ ಕಸಕ್ಕೆ ಕೊಡಿ, ಒದ್ದೆ ರಟ್ಟನ್ನ ಗುಜರಿಯವ್ರೂ ಮುಟ್ಟಲ್ಲ.