ಹೊಸ ಸೆನ್ಸರ್ ಹಾಕಿದರೂ ಆರದ ದೀಪ

20 ವರ್ಷ ದಾಟಿದ ನನ್ನ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಾಗ ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಪಿ0171. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂಬ ದೂರು. ಹಿಂದೆಮುಂದೆ ನೋಡದೆ, ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಬದಲಿಸಿದೆ. ಮೂರನೇ ದಿನ ದೀಪ ಮತ್ತೆ ಹೊತ್ತಿತು.

ಆಗ ಮಾಡಿದ ಕೆಲಸವನ್ನು ಮೊದಲೇ ಮಾಡಬೇಕಿತ್ತು: ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಬೆರಳಿಗೆ ಮೆತ್ತುವಷ್ಟು ಕಪ್ಪು ಮಸಿ. ಪೆಟ್ರೋಲ್ ಕಡಿಮೆಯಾದ ಎಂಜಿನ್ನಿನ ಪ್ಲಗ್ ಹೀಗಿರುವುದಿಲ್ಲ. ಪೆಟ್ರೋಲ್ ಸಾಲದು ಎಂದು ಸೆನ್ಸರ್ ಹೇಳುತ್ತಿದೆ, ಹೆಚ್ಚಾಗಿದೆ ಎಂದು ಪ್ಲಗ್ ಹೇಳುತ್ತಿದೆ. ಯಾರನ್ನು ನಂಬುವುದು?

ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟೆ. ತುದಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಈ ಸೆನ್ಸರಿನ ಮಾತಿಗೆ ಬೆಲೆಯಿಲ್ಲ. ಕನೆಕ್ಟರಿನ ಹಿಂಬದಿಯಿಂದ ಗುಂಡುಸೂಜಿ ತೂರಿಸಿ, ಸಂಕೇತ ಬರುವ ಕಪ್ಪು ತಂತಿಗೂ ಬೂದು ಬಣ್ಣದ ಅರ್ಥ್ ತಂತಿಗೂ ಮಲ್ಟಿಮೀಟರ್ ಹಿಡಿದೆ. ಬಿಳಿ ತಂತಿಗಳೆರಡು ಹೀಟರಿನವು, ಅವನ್ನು ಮುಟ್ಟಲಿಲ್ಲ. ಮೀಟರಿನ ಅಂಕಿ 0.1ರಿಂದ 0.9 ವೋಲ್ಟ್ ನಡುವೆ ಉಯ್ಯಾಲೆಯಂತೆ ತೂಗಬೇಕು. ನನ್ನದು 0.1ರ ಬಳಿಯೇ, ಅಂದರೆ ಆಕ್ಸಿಜನ್ ಹೆಚ್ಚು ಎಂಬ ಕಡೆಯೇ, ಕುಳಿತಿತ್ತು. ಆಕ್ಸಿಲರೇಟರನ್ನು ತಟ್ಟನೆ ಒತ್ತಿದಾಗ ಮಾತ್ರ 0.8ಕ್ಕೆ ಹಾರಿ, ಮತ್ತೆ ಕೆಳಗಿಳಿಯಿತು. ಅಂದರೆ ಸೆನ್ಸರ್ ಸತ್ತಿಲ್ಲ, ಅದಕ್ಕೆ ಯಾರೋ ಗಾಳಿ ಕುಡಿಸುತ್ತಿದ್ದಾರೆ.

ಮರುದಿನ ಬೆಳಿಗ್ಗೆ ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ಬಾನೆಟ್ ಬಳಿ ಕಿವಿಗೊಟ್ಟೆ. ಟಕ್, ಟಕ್, ಟಕ್. ಬಿಸಿಯಾದಂತೆ ಸದ್ದು ಅಡಗಿತು. ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್, ಎಂಜಿನ್ನಿನ ಸಿಲಿಂಡರ್ ಹೆಡ್‌ಗೆ ಕೂಡುವ ಕಡೆ, ಹಿಂಬದಿಯ ಸಿಲಿಂಡರಿನ ಹತ್ತಿರ, ಸಂದು ಮುಚ್ಚುವ ಗ್ಯಾಸ್ಕೆಟ್ ಅಂಚಿನಲ್ಲಿ ಮಸಿಯ ಗೆರೆ ಕಂಡಿತು. ಹೊಗೆ ಹೊರಗೆ ಬರುವುದಷ್ಟೇ ಅಲ್ಲ. ಪ್ರತಿ ಹೊಡೆತದ ಹಿಂದೆ ಒತ್ತಡ ಕ್ಷಣಕಾಲ ಇಳಿದಾಗ ಹೊರಗಿನ ಗಾಳಿ ಒಳಗೂ ಬರುತ್ತದೆ. ಸೆನ್ಸರ್ ಆ ಗಾಳಿಯ ಆಕ್ಸಿಜನ್ನನ್ನು ಕಂಡು ಪೆಟ್ರೋಲ್ ಕಡಿಮೆ ಎಂದು ವರದಿ ಕೊಟ್ಟಿತು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯಿತು, ಪ್ಲಗ್ ಕಪ್ಪಾಯಿತು.

ಗ್ಯಾಸ್ಕೆಟ್ ಬದಲಿಸುವುದು ಸುಲಭದ ಕೆಲಸ, ಮ್ಯಾನಿಫೋಲ್ಡನ್ನು ಬಿಗಿಹಿಡಿದಿರುವ ತುಕ್ಕು ಹಿಡಿದ ಸ್ಟಡ್ (ತಿರುಪಿನ ಕಂಬಿ) ಮುರಿಯುವವರೆಗೆ. ಅದನ್ನು ಕೊರೆದು ತೆಗೆಯಲು ಅರ್ಧ ದಿನ ಹೋಯಿತು. ಸಿಲಿಕೋನ್ ಅಂಟನ್ನು ಮಾತ್ರ ಬಳಸಲಿಲ್ಲ. ಅದರ ಆವಿ ಸೆನ್ಸರಿನ ತುದಿಯನ್ನು ಕೆಡಿಸುತ್ತದೆ.

ಕೋಡ್ ಅಳಿಸಿ, ಎಂಜಿನ್ ಬಿಸಿ ಮಾಡಿ ಮತ್ತೆ ಮೀಟರ್ ಹಿಡಿದಾಗ ಅಂಕಿ ತೂಗಾಡತೊಡಗಿತು. ಅದೇ ಕೈಯಲ್ಲಿ, ಬಿಸಾಡದೆ ಇಟ್ಟಿದ್ದ ಹಳೆಯ ಸೆನ್ಸರನ್ನೂ ಕೂರಿಸಿ ನೋಡಿದೆ. ಅದೂ ಅಷ್ಟೇ ಚುರುಕಾಗಿ ತೂಗಿತು. ಈಗ ಹೊಸದು ಡಬ್ಬಿಯಲ್ಲಿದೆ, ಹಳೆಯದು ಕಾರಿನಲ್ಲಿದೆ.