ಡೇವ್ ಥರದ ಗೇಮ್ ಮಾಡುವಾಗ ಕಾಪಿರೈಟ್ ಲೆಕ್ಕ

"ಸರ್, ಡೇವ್‌ದೇ ಚಿತ್ರ ಎತ್ತಿ ಹಾಕ್ಕೊಂಡ್ರೆ ಏನಾಯ್ತದೆ? ದುಡ್ಡಿಗೇನೂ ಮಾರಲ್ವಲ್ಲ."

ನನ್ನ ಗೇಮಿಗೆ ಚಿತ್ರ ಬರೆಯಲು ಒಪ್ಪಿಕೊಂಡ ಮಂಡ್ಯದ ಹುಡುಗಿ ಮೊದಲು ಕೇಳಿದ್ದೇ ಇದನ್ನು. ಕೇಳಿದ್ದರಲ್ಲಿ ತಪ್ಪಿಲ್ಲ. ನಾವು ಓದುವಾಗ ಮೈಸೂರಿನ ಕಂಪ್ಯೂಟರ್ ಲ್ಯಾಬುಗಳಲ್ಲಿ ಡೇಂಜರಸ್ ಡೇವ್ ಅನ್ನುವ ಪಿಸಿ ಆಟ ಸಿಗದ ಮೆಷಿನ್ನೇ ಅಪರೂಪ. ಫ್ಲಾಪಿಯಿಂದ ಫ್ಲಾಪಿಗೆ ಕಾಪಿಯಾಗುತ್ತಾ ಓಡಾಡಿದ ಆಟಕ್ಕೂ ಒಬ್ಬ ಒಡೆಯ ಇದ್ದಾನೆ ಅಂತ ಆಗ ಯಾರಿಗೆ ಅನಿಸಿತ್ತು? ಇದ್ದ. ಜಾನ್ ರೊಮೆರೊ ಬರೆದದ್ದು, ಸಾಫ್ಟ್‌ಡಿಸ್ಕ್ ಕಂಪನಿ ಹೊರತಂದದ್ದು. ಟ್ರೋಫಿ ಹಿಡಿ, ಬಾಗಿಲಿಗೆ ಓಡು, ಬೆಂಕಿ ಮುಟ್ಟಬೇಡ. ಅದೇ ಮಜಾ ಮೊಬೈಲಿನಲ್ಲಿ, ಕನ್ನಡದಲ್ಲಿ ಬರಬೇಕು ಅನ್ನುವುದು ನನ್ನ ಆಸೆ.

ಪುಕ್ಕಟೆ ಕೊಟ್ಟರೆ ಯಾರೂ ಕೇಳುವುದಿಲ್ಲ ಅನ್ನುವವರಿಗೆ ನಾನು ತೋರಿಸುವುದು ಮೆಟ್ರಾಯ್ಡ್ 2 ಕಥೆ. ನಿಂಟೆಂಡೊ ಕಂಪನಿ 1991ರಲ್ಲಿ ತನ್ನ ಗೇಮ್ ಬಾಯ್ ಯಂತ್ರಕ್ಕೆ ತಂದ ಆಟ. ಅಭಿಮಾನಿಯೊಬ್ಬರು ವರ್ಷಗಟ್ಟಲೆ ಕೂತು ಹೊಸದಾಗಿ ಕಟ್ಟಿ, 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಬಿಟ್ಟರು. ಕೆಲವೇ ದಿನಗಳಲ್ಲಿ ನಿಂಟೆಂಡೊ ಅದನ್ನು ತೆಗೆಸಿಹಾಕಿತು. ಮರುವರ್ಷ ಅದೇ ಆಟದ ತನ್ನದೇ ರೀಮೇಕನ್ನು ಮಾರಿತು. ಹಾಫ್‌ಲೈಫ್ ಆಟದ ರೀಮೇಕ್ ಮಾಡಿದ ಬ್ಲ್ಯಾಕ್ ಮೀಸಾ ತಂಡಕ್ಕೆ ಮಾತ್ರ ಆಟದ ಒಡೆಯ ವಾಲ್ವ್ ಕಂಪನಿ ಮಾರಲಿಕ್ಕೂ ಒಪ್ಪಿಗೆ ಕೊಟ್ಟಿತು. ಒಪ್ಪುವುದು, ಬಿಡುವುದು ಒಡೆಯನ ಮರ್ಜಿ. ಮರ್ಜಿ ನಂಬಿಕೊಂಡು ನನ್ನ ಭಾನುವಾರಗಳನ್ನೆಲ್ಲ ಸುರಿಯಲು ನಾನು ತಯಾರಿರಲಿಲ್ಲ.

ಹಳೇದಾಯಿತಲ್ಲ ಅನ್ನುವ ವಾದವೂ ನಿಲ್ಲುವುದಿಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ಹಕ್ಕು ಉಳಿಯುವುದು ಬರೆದವರ ಜೀವಮಾನ, ಮೇಲೆ 60 ವರ್ಷ. ಇನ್ನೊಂದು ವಿಷಯ ಕೋರ್ಟಿನ ಹತ್ತಿರ ಕೂರುವ ನನ್ನ ವಕೀಲ ಗೆಳೆಯ ತೋರಿಸಿದ. ಸೆಕ್ಷನ್ 52ರಲ್ಲಿ ಸ್ವಂತ ಬಳಕೆಗೆ, ವಿಮರ್ಶೆಗೆ ಅಂತ ಸಡಿಲ ಕೊಡುವ ಮೊದಲ ಸಾಲಿನಲ್ಲೇ 'ಕಂಪ್ಯೂಟರ್ ಪ್ರೋಗ್ರಾಂ ಬಿಟ್ಟು' ಅಂತ ಇದೆ. ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಅಂತ ಗಮನಿಸಿ, ಅದರ ಹಿಂದಿನ ವಿಚಾರ ತಿಳಿದುಕೊಳ್ಳಲು ಮುಂದೆ ಬೇರೆ ಸಾಲಿದೆ. ಆದರೆ ಆ ಸಾಲಿನ ಆಸರೆ ಪಡೆಯುವ ಮೊದಲು ಕೈಯಲ್ಲಿ ಕಾನೂನುಬದ್ಧ ಪ್ರತಿ ಇರುವುದೇ ಕ್ಷೇಮ. ಲ್ಯಾಬಿನ ಫ್ಲಾಪಿ ಯಾವ ಲೆಕ್ಕ ಅಂತ ಹೇಳಬೇಕಿಲ್ಲವಲ್ಲ. ಅದಕ್ಕೇ ನಾನು ಡೇವ್‌ನ ಫೈಲ್ ಇಳಿಸಿಕೊಳ್ಳಲೂ ಇಲ್ಲ, ಬಿಚ್ಚಿ ನೋಡಲೂ ಇಲ್ಲ. ನೆನಪಿದ್ದಷ್ಟು ನಿಯಮಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ನೆಗೆತ, ಬೀಳುವ ವೇಗ, ವಸ್ತು ಸಿಕ್ಕ ಮೇಲೆ ಬಾಗಿಲು ತೆರೆಯುವುದು. ಆ ಹಾಳೆಯಾಚೆ ಏನೂ ತೆಗೆದುಕೊಳ್ಳಬಾರದು ಅಂತ ಕಟ್ಟು ಹಾಕಿಕೊಂಡೆ. ಹಂತಗಳ ನಕ್ಷೆಯೂ ಆ ಹಾಳೆಯಲ್ಲಿರಲಿಲ್ಲ.

ವಿಚಾರಕ್ಕೆ ಹಕ್ಕಿಲ್ಲ, ಅದನ್ನು ಹೇಳಿದ ರೀತಿಗೆ ಹಕ್ಕಿದೆ ಅಂತ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಅಷ್ಟಕ್ಕೇ ನಿರಾಳ ಆಗಬೇಡಿ. ಅಮೆರಿಕದಲ್ಲಿ ಟೆಟ್ರಿಸ್ ಆಟದ ಕೋಡ್ ಮುಟ್ಟದೆ, ಆಡುವ ಕ್ರಮದ ಜೊತೆಗೆ ನೋಟವನ್ನೂ ಹಾಗೇ ಇಟ್ಟುಕೊಂಡ ಕ್ಸಿಯೊ ಕಂಪನಿ 2012ರಲ್ಲಿ ಸೋತಿತು. ಅಂದರೆ ನೋಟ ಬದಲಾಗಲೇಬೇಕು.

ಡೇವ್ ಕುಟುಂಬದ್ದೇ ಒಂದು ಕಥೆ ಇಲ್ಲಿ ಹೇಳದೆ ಇರಲಾರೆ. 1990ರ ಸೆಪ್ಟೆಂಬರ್‌ನಲ್ಲಿ ಸಾಫ್ಟ್‌ಡಿಸ್ಕ್‌ನಲ್ಲಿದ್ದ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ಒಂದೇ ರಾತ್ರಿಯಲ್ಲಿ ಸೂಪರ್ ಮಾರಿಯೋ 3ರ ಮೊದಲ ಹಂತವನ್ನು ಪಿಸಿಯಲ್ಲಿ ಹಾಗೇ ಕಟ್ಟಿ, ಮಾರಿಯೋ ಜಾಗದಲ್ಲಿ ಡೇವ್‌ನನ್ನು ಓಡಿಸಿದರು. ಹೆಸರೂ 'ಕಾಪಿರೈಟ್ ಉಲ್ಲಂಘನೆಯಲ್ಲಿ ಡೇವ್' ಅನ್ನುವ ಅರ್ಥದ್ದೇ! ಆಮೇಲೆ ಪೂರ್ತಿ ಆಟದ ಡೆಮೋ ಮಾಡಿ ಮಾರಿಯೋದ ಒಡೆಯ ನಿಂಟೆಂಡೊಗೆ ಕಳಿಸಿದರು. ಅವರು ಒಲ್ಲೆ ಅಂದರು. ಅದೇ ಡಿಸೆಂಬರ್‌ನಲ್ಲಿ ಅದೇ ತಂತ್ರ, ಸ್ವಂತ ಪಾತ್ರ ಇಟ್ಟುಕೊಂಡು ಕಮಾಂಡರ್ ಕೀನ್ ಅನ್ನುವ ಆಟ ಹೊರತಂದರು. ಮುಂದೆ ಡೂಮ್ ಮಾಡಿದವರೂ ಇವರೇ. ನನ್ನ ವಕೀಲ ಗೆಳೆಯನ ಸೆಕ್ಷನ್ನುಗಳಿಗಿಂತ ಈ ಕಥೆಯೇ ನಮ್ಮ ಹುಡುಗಿಗೆ ಬೇಗ ಹತ್ತಿತು.

ಅವಳು ಬೆಂಕಿಯ ಬದಲು ಆಲೆಮನೆ ತಂದಳು. ಟ್ರೋಫಿ ಜಾಗಕ್ಕೆ ಅಚ್ಚು ಬೆಲ್ಲ, ಬೆನ್ನಿಗೆ ಕಟ್ಟಿ ಹಾರುವ ಜೆಟ್‌ಪ್ಯಾಕ್ ಜಾಗಕ್ಕೆ ಗಾಳಿಪಟ. ಕುದಿಯುವ ಕೊಪ್ಪರಿಗೆಯನ್ನು ನಾನು 16×16 ಪಿಕ್ಸೆಲ್‌ನ ಒಂದೇ ಚೌಕದಲ್ಲಿ ಕೂರಿಸಿದ್ದೆ. "ಕೊಪ್ಪರಿಗೆ ಇಷ್ಟ್ ಆಳ ಎಲ್ಲಿರ್ತದೆ ಸರ್? ಅಗಲ ಇರ್ತದೆ" ಅಂತ ಮೂರು ಚೌಕಕ್ಕೆ ಎಳೆದಳು. ಮೂರು ಚೌಕ ದಾಟಲು ನನ್ನ ನೆಗೆತ ಸಾಲಲಿಲ್ಲ. ಓಡಿಬಂದು ಹಾರುವ ಗತಿ ಸೇರಿಸಬೇಕಾಯಿತು, ಹಂತಗಳನ್ನೆಲ್ಲ ಉದ್ದ ಮಾಡಬೇಕಾಯಿತು. ಈಗ ಆಡಿದವರು ಡೇವ್ ನೆನಪಾಗುತ್ತದೆ ಅನ್ನುತ್ತಾರೆ. ಡೇವ್‌ನ ಕಾಪಿ ಅಂತ ಯಾರೂ ಅನ್ನುವುದಿಲ್ಲ. ಸ್ಟೋರಿನಲ್ಲಿ ಹೆಸರಿಗಾಗಲೀ ಐಕಾನಿಗಾಗಲೀ ಡೇವ್ ತಂದಿಲ್ಲ. ಟ್ರೇಡ್‌ಮಾರ್ಕ್ ಬೇರೆಯದೇ ತಲೆನೋವು.

ಸಂಗೀತಕ್ಕೆ ಮೈಸೂರೇ ಕೈಹಿಡಿಯಿತು. ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ. ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೆ 2021ರ ಕೊನೆಗೆ ಅವಧಿ ಮುಗಿಯುತ್ತದೆ, ಹಾಗಾಗಿ ಅವರ ಕೃತಿಯನ್ನು ಧಾರಾಳವಾಗಿ ನುಡಿಸಬಹುದು. ಆದರೆ ಯಾರೋ ನುಡಿಸಿದ ರೆಕಾರ್ಡಿಂಗ್ ಎತ್ತಿಕೊಳ್ಳುವ ಹಾಗಿಲ್ಲ, ಅದಕ್ಕೆ ಪ್ರತ್ಯೇಕ ಹಕ್ಕಿದೆ. ಪಕ್ಕದ ಮನೆಯ ವೀಣೆ ಮೇಷ್ಟ್ರ ಹತ್ತಿರ ಹೋಗಿ ನುಡಿಸಿಸಿಕೊಂಡೆ. "ನನ್ನ ವೀಣೆ ಗೇಮಿಗಾ!" ಅಂತ ನಕ್ಕರು, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟರು.

ಇನ್ನೊಬ್ಬರ ಹಕ್ಕಿಗೆ ಇಷ್ಟು ಹೆದರುವವರು ಸ್ವಂತ ತಂಡದ ಕಾಗದ ಮಾತ್ರ ಮಾಡಿಕೊಳ್ಳುವುದಿಲ್ಲ. ಸೆಕ್ಷನ್ 19 ಓದಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು, ಸಹಿ ಬೇಕು. ಎಷ್ಟು ಕಾಲ ಅಂತ ಬರೆಯದಿದ್ದರೆ ಐದೇ ವರ್ಷ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಮಾತಿಲ್ಲದಿದ್ದರೆ ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದೇಹೋಗುತ್ತದೆ. ಬಿಡುವಿನಲ್ಲಿ ಗೇಮ್ ಮಾಡುವವರಿಗೆ ಇದೇ ದೊಡ್ಡ ಹೊಡೆತ. ಚಿತ್ರ ಬರೆದ ಹುಡುಗಿಯ ಜೊತೆಗಿನ ನಮ್ಮ ಪತ್ರದಲ್ಲಿ 'ಪ್ರಪಂಚದ ಎಲ್ಲ ಕಡೆ', 'ಹಕ್ಕಿನ ಪೂರ್ಣ ಅವಧಿಗೆ', 'ಬಳಸಲು ತಡವಾದರೂ' ಮೂರನ್ನೂ ಬರೆದೆವು, ಬಂದ ಹಣದಲ್ಲಿ ಅವಳ ಪಾಲೂ ಸೇರಿತು. ಓದಿ ಮುಗಿಸಿದ ಅವಳು ಪೆನ್ ತೆಗೆದು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಆಲೆಮನೆ ಚಿತ್ರಗಳನ್ನು ಟೀ ಶರ್ಟ್ ಮೇಲೆ ಅಚ್ಚು ಹಾಕಿ ಮಾರುವ ಹಕ್ಕು ಅವಳದೇ. ಇಬ್ಬರೂ ಸಹಿ ಹಾಕಿದೆವು.