ತೂಕಕ್ಕೆ ಹಾಕಬೇಡಿ, ನಗದ ಮೇಲೆ ಮಾರಿ

ಭಾನುವಾರ ಬೆಳಿಗ್ಗೆ ನಮ್ಮ ಓಣಿಗೆ ತಳ್ಳುಗಾಡಿ ಬರುತ್ತದೆ. ‘ಭಂಗಾರ್ ಸಾಮಾನ್, ರದ್ದಿ ಪೇಪರ್’ ಎಂಬ ಕೂಗು ಎರಡು ಓಣಿ ಆಚೆಯಿಂದಲೇ ಕೇಳಿಸುತ್ತದೆ. ಬೆಂಗಳೂರಿನ ನೆಂಟರೊಬ್ಬರು ಮೊದಲ ಸಲ ಇದನ್ನು ಕೇಳಿ, ‘ಕಲಬುರಗಿಯಲ್ಲಿ ಬಂಗಾರವನ್ನು ಗಾಡಿಯಲ್ಲಿ ಮಾರುತ್ತಾರಾ?’ ಎಂದಿದ್ದರು. ನಮ್ಮ ಭಂಗಾರ ಅಂದರೆ ಗುಜರಿ, ಅದಕ್ಕೆ ಮಹಾಪ್ರಾಣ ಇದೆ, ಬೆಲೆ ಇಲ್ಲ ಎಂದು ನಕ್ಕಿದ್ದೆ.

ಎರಡು ವರ್ಷದ ಹಿಂದೆ ಫೆಬ್ರುವರಿಯಲ್ಲಿ ಹೊಸ ಕೂಲರ್ ತಂದೆವು. ಹಳೆಯದು ತಗಡಿನ ಮೈಯದು. ತಳಕ್ಕೆ ತುಕ್ಕು ಹಿಡಿದು ಒಂದು ಮೂಲೆಯಲ್ಲಿ ನೀರು ಜಿನುಗುತ್ತಿತ್ತು. ಮೋಟರ್ ಮಾತ್ರ ಗಟ್ಟಿ. ಗಾಡಿಯವನು ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ನೋಡಿ, ನಾಲ್ಕು ನೂರು ಅಂದ. ನಾನು ಹೂಂ ಅನ್ನುವಷ್ಟರಲ್ಲಿ ಪಕ್ಕದ ಮನೆಯ ಹುಡುಗ, ‘ತಡೀರಿ ಕಾಕಾ, ಒಂದ್ ಫೋಟೋ ಹಾಕಿ ನೋಡೋಣು’ ಅಂದ. ಮೂರನೇ ದಿನ ವಿಶ್ವವಿದ್ಯಾಲಯದ ಕಡೆ ರೂಮು ಮಾಡಿಕೊಂಡಿದ್ದ ಇಬ್ಬರು ಹುಡುಗರು ಆಟೊ ತಂದು, 1,700 ರೂಪಾಯಿ ಕೊಟ್ಟು ಒಯ್ದರು. ಸೋರುವ ಮೂಲೆ ತೋರಿಸಿಯೇ ಕೊಟ್ಟೆ. ‘ಎಂ-ಸೀಲ್ ಹಚ್ಚಿದ್ರ ಆತ್ರಿ’ ಅಂದರು.

ಗಾಡಿಯವನು ಮೋಸ ಮಾಡಿರಲಿಲ್ಲ. ಅವನು ತಗಡು ತೂಗಿದ. ಹುಡುಗರು ಗಾಳಿ ಕೊಂಡರು. ತೂಕದ ಲೆಕ್ಕ ಬೇರೆ, ಒಂದೊಂದು ಸಾಮಾನನ್ನು ಇಡಿಯಾಗಿ ಮಾರುವ ನಗದ ಲೆಕ್ಕ ಬೇರೆ. ಮನೆಯಲ್ಲಿ ಎಸೆಯಲು ಇಟ್ಟ ಸಾಮಾನಿನಲ್ಲಿ ಯಾವುದು ನಗದ ಮೇಲೆ ಹೋಗುತ್ತದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಫೋನಿನಲ್ಲಿ ಜಾಹೀರಾತು ಹಾಕಿ ಮಾರುವ ಕೆಲಸ.

ಮೊದಲು ಸಜ್ಜಾ, ಆಮೇಲೆ ಫೋನ್

ಸಜ್ಜಾದ ಮೇಲಿನದನ್ನೆಲ್ಲ ಕೆಳಗಿಳಿಸಿ ಪಡಸಾಲೆಯಲ್ಲಿ ಹರಡಿ. ಪ್ರತಿಯೊಂದನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಇದು ಇಲ್ಲದೆ ಯಾರ ಕೆಲಸ ನಿಂತಿದೆ? ಮಿಕ್ಸರ್ ಮೋಟರ್ ಸುಟ್ಟಿರಬಹುದು, ಆದರೆ ಜಾರ್ ಒಡೆದುಕೊಂಡವರಿಗೆ ಅದೇ ಕಂಪನಿಯ ಜಾರ್ ಬೇಕು. ಟಿ.ವಿ. ಹೋದರೂ ರಿಮೋಟ್ ಇರುತ್ತದೆ. ಹೊಲಿಗೆ ಮಷೀನಿನ ತಲೆ ಕೆಟ್ಟಿದ್ದರೂ ಬೀಡುಕಬ್ಬಿಣದ ಕಾಲು ಗಟ್ಟಿ. ಅದರ ಮೇಲೆ ಹಲಗೆ ಹಾಕಿ ಟೇಬಲ್ ಮಾಡಿಕೊಳ್ಳುವವರು ಹೈದರಾಬಾದಿನಲ್ಲೂ ಇದ್ದಾರೆ.

ನಮ್ಮ ಭಾಗದ ಮನೆಗಳಲ್ಲಿ ಹೆಚ್ಚಾಗಿ ಸಿಗುವ ಒಂದು ಮಾಲು ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು. ಮನೆ ಕಟ್ಟಿ ಉಳಿದ ಹತ್ತು ಹನ್ನೆರಡು ಫರ್ಸಿಗಳನ್ನು ಹಿತ್ತಲ ಗೋಡೆಗೆ ಆನಿಸಿಟ್ಟು ಇಪ್ಪತ್ತು ವರ್ಷ ಆಗಿರುತ್ತದೆ. ಒಂದು ಒಡೆದ ಕಟ್ಟೆ, ಒಂದು ಬಚ್ಚಲು ಸರಿ ಮಾಡಿಸುವವನಿಗೆ ಅಷ್ಟೇ ಸಾಕು. ಅವನು ಲಾರಿ ಲೋಡ್ ತರಿಸುವ ಹಾಗಿಲ್ಲ. ಉದ್ದ, ಅಗಲ, ಎಷ್ಟು ನಗ ಎಂದು ಬರೆದರೆ ಸಾಕು, ಗಾಡಿ ತಂದು ಅವನೇ ಒಯ್ಯುತ್ತಾನೆ. ಹಳೆ ಮನೆ ಕೆಡವಿದಾಗ ಬರುವ ತೇಗದ ಚೌಕಟ್ಟು, ಕಬ್ಬಿಣದ ಕಿಟಕಿ ಸಹ ಹಾಗೆಯೇ.

ಪುಸ್ತಕಗಳನ್ನು ರದ್ದಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ. ನೀಟ್, ಸಿಇಟಿ, ಕೆಎಎಸ್ ತಯಾರಿಯ ಹುಡುಗರು ಊರು ತುಂಬ ಇದ್ದಾರೆ. ಬಿಡಿ ಪುಸ್ತಕಕ್ಕಿಂತ ಪೂರ್ತಿ ಸೆಟ್ಟಿಗೆ ಗಿರಾಕಿ ಬೇಗ. ಯಾವ ವರ್ಷದ ಆವೃತ್ತಿ ಎಂಬುದನ್ನು ಮುಚ್ಚಿಡಬೇಡಿ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಕ್ಷೆ ಬರೆಯುವ ಡ್ರಾಫ್ಟರ್ ಮತ್ತು ಬಿಳಿ ಕೋಟು ಒಂದೇ ವರ್ಷ ಬಳಸಿ ಮೂಲೆಗೆ ಬಿದ್ದಿರುತ್ತವೆ.

ಇನ್ನು ರಟ್ಟಿನ ಡಬ್ಬ, ಗಾಜಿನ ಬಾಟಲಿ, ತೆಂಗಿನ ಚಿಪ್ಪು. ಇವು ಒಂದೊಂದಾಗಿ ಹೋಗುವುದಿಲ್ಲ. ಒಂದೇ ಅಳತೆಯ ಹನ್ನೆರಡು ಕೂಡಿದ ಮೇಲೆ ಹಾಕಿ. ಅಡಿಗೆಮನೆ ತುಂಬ ಬಾಟಲಿ ಇಟ್ಟುಕೊಂಡು ಮನೆಯವರ ಬಾಯಿಗೆ ಬೀಳುವಷ್ಟು ಲಾಭ ಇದರಲ್ಲಿಲ್ಲ ಎಂಬುದು ನನ್ನ ಅನುಭವ.

ಹಳೆ ಸೀರೆಯ ಮಾತು ಬೇರೆ. ಬಾಗಿಲಿಗೆ ಬರುವವರು ಐದಾರು ಸೀರೆಗೆ ಒಂದು ಸ್ಟೀಲ್ ಬೋಗುಣಿ ಕೊಡುತ್ತಾರೆ. ಅದೇ ಸೀರೆಗಳು ಕೌದಿಯಾದರೆ ಆಟ ಬದಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕೌದಿ ಹೊಲಿಯುವ ಕೈಗಳು ಇನ್ನೂ ಇವೆ. ಕೂಲಿ ಕೊಟ್ಟು ಹೊಲಿಸಬಹುದು. ಪಟ್ಟಣದವರು ಅದನ್ನು ಗೋಡೆಗೆ ತೂಗಲು, ಮಗುವಿಗೆ ಹಾಸಲು ಕೊಳ್ಳುತ್ತಾರೆ. ಅವರು ಕೇಳುವುದು ಮೂರೇ: ಎಷ್ಟು ಅಡಿ, ಎಷ್ಟು ಪದರು, ತೊಳೆದರೆ ಬಣ್ಣ ಬಿಡುತ್ತದೆಯೇ. ಮೂರನೆಯದಕ್ಕೆ ಸುಳ್ಳು ಹೇಳಿದರೆ ಕೌದಿ ಮರಳಿ ಬರುತ್ತದೆ, ಸಾಗಣೆ ಖರ್ಚು ನಿಮ್ಮ ತಲೆಗೆ.

ಕಪ್ಪಗಿದೆ ಎಂದು ಕಬ್ಬಿಣಕ್ಕೆ ಹಾಕಬೇಡಿ

ಹಿತ್ತಾಳೆ ತಂಬಿಗೆ, ತಾಮ್ರದ ಹಂಡೆ ತೂಕಕ್ಕೂ ಒಳ್ಳೆ ಬೆಲೆ ತರುತ್ತವೆ. ಆದರೆ ಕೆತ್ತನೆ ಇದ್ದರೆ, ಹೆಸರು ಹಾಕಿಸಿದ್ದರೆ ನಗದ ಮೇಲೆ ಮಾರಿ. ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಮಾಡಬೇಡಿ. ಹಳೆಯದನ್ನು ಹುಡುಕುವವನಿಗೆ ಆ ಮಾಸಲು ಬಣ್ಣವೇ ಬೇಕು.

ಬೀದರ್, ಕಲಬುರಗಿಯ ಹಳೆ ಮನೆಗಳಲ್ಲಿ ಆಗುವ ದೊಡ್ಡ ತಪ್ಪು ಬಿದ್ರಿ ಸಾಮಾನಿನದು. ಮದುವೆಯಲ್ಲಿ ಬಂದ ಬಿದ್ರಿ ಡಬ್ಬಿ, ಹೂದಾನಿ, ಅಡಕೆ ತಟ್ಟೆ ಧೂಳು ಹಿಡಿದು ಕೂತರೆ ಕರಿ ಕಬ್ಬಿಣದ ಹಾಗೆ ಕಾಣುತ್ತದೆ. ಬಿದ್ರಿಯ ಮೈ ಸತು ಮತ್ತು ತಾಮ್ರದ ಮಿಶ್ರಣ. ಮೇಲೆ ಬೆಳ್ಳಿ ತಂತಿ, ತಗಡು ಕೂರಿಸಿರುತ್ತಾರೆ. ಬೀದರ್ ಕೋಟೆಯ ಮಣ್ಣಿನಿಂದ ಮೈಗೆ ಕಪ್ಪು ಬಂದಿರುತ್ತದೆ. ಹಳೆಯದಾದಂತೆ ಬೆಳ್ಳಿಯೂ ಕಪ್ಪಾಗಿ ಎರಡೂ ಒಂದಾಗಿಬಿಡುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ಮೆತ್ತನೆ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡಿ. ಬಳ್ಳಿಯದೋ ಹೂವಿನದೋ ಗೆರೆ ಎದ್ದುಬಂದರೆ ಅಲ್ಲಿಗೇ ಕೈ ನಿಲ್ಲಿಸಿ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಫೋಟೋಕ್ಕೆ ಸಾಕು. ಬಿದ್ರಿಗೆ 2006ರಲ್ಲೇ ಇಂಥ ಊರಿನದೇ ಮಾಲು ಎಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ, ಹೊರಗಿನವರೂ ಹೆಸರು ಹಿಡಿದು ಹುಡುಕುತ್ತಾರೆ. ಹಾಗಾಗಿ ಜಾಹೀರಾತಿನಲ್ಲಿ ‘ಹಳೆ ಹೂದಾನಿ’ ಎನ್ನದೆ ‘ಬಿದ್ರಿ’ ಎಂದೇ ಬರೆಯಿರಿ.

ಒಂದು ಎಚ್ಚರ. ನೂರು ವರ್ಷ ದಾಟಿದ ಕಲಾವಸ್ತು, ನಾಣ್ಯ ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದ ಹೊರಗೆ ಕಳಿಸುವಂತಿಲ್ಲ. ಮುತ್ತಜ್ಜನ ಕಾಲದ್ದು ಎಂಬ ಅನುಮಾನವಿದ್ದರೆ ಫೋಟೋ ಹಾಕುವ ಮೊದಲು ತಿಳಿದವರಿಗೆ ತೋರಿಸಿ.

ನಾಣ್ಯದ ಹುಚ್ಚಿನ ಬಗ್ಗೆಯೂ ಹೇಳಲೇಬೇಕು. ನಾವು ನಿಜಾಮರ ಸೀಮೆಯವರು. ಚಾರ್ಮಿನಾರ್ ಗುರುತಿನ, ಹಾಲಿ ಸಿಕ್ಕಾ ಎನ್ನುವ ನಿಜಾಮರ ಕಾಲದ ನಾಣ್ಯಗಳು ಎಷ್ಟೋ ಮನೆಗಳ ದೇವರ ಡಬ್ಬಿಯಲ್ಲಿವೆ. ‘ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ’ ಎಂಬ ವಿಡಿಯೊ ನೋಡಿ ಫೋನ್ ಮಾಡಿದರೆ, ಆ ಕಡೆಯವರು ಮೊದಲು ನೋಂದಣಿ ಶುಲ್ಕ ಕೇಳುತ್ತಾರೆ, ಆಮೇಲೆ ತೆರಿಗೆ ಕೇಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ತನ್ನ ಹೆಸರಿನಲ್ಲಿ ನಡೆಯುವ ಈ ವಂಚನೆಯ ಬಗ್ಗೆ ಪ್ರಕಟಣೆ ಕೊಟ್ಟಿದೆ. ಮಾರುವವನಿಂದಲೇ ಹಣ ಕೇಳುವ ಗಿರಾಕಿ ಗಿರಾಕಿಯಲ್ಲ.

ಮಾರಲೇಬಾರದ ರಾಶಿಯೂ ಒಂದಿದೆ. ಗ್ಯಾಸ್ ಸಿಲಿಂಡರ್ ನಿಮ್ಮದಲ್ಲ, ಕಂಪನಿಯದು. ಏಜೆನ್ಸಿಗೆ ಮರಳಿಸಿ ಠೇವಣಿ ಪಡೆಯಿರಿ. ಉಳಿದ ಔಷಧಿ, ಉಬ್ಬಿದ ಫೋನ್ ಬ್ಯಾಟರಿ ಯಾರಿಗೂ ಬೇಡ.

ಯಾವಾಗ ಹಾಕಬೇಕು

ಕೂಲರ್ ಜುಲೈನಲ್ಲಿ ತಗಡು, ಮಾರ್ಚ್‌ನಲ್ಲಿ ಯಂತ್ರ. ನಮ್ಮ ಊರ ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ಅಂಗಡಿಯಲ್ಲಿ ಹೊಸ ಕೂಲರಿನ ಬೆಲೆ ಏರಿರುತ್ತದೆ, ಹಳೆಯದಕ್ಕೂ ಜೀವ ಬರುತ್ತದೆ. ಮಂಚ, ಟೇಬಲ್, ಪುಸ್ತಕ ಜೂನ್–ಜುಲೈನಲ್ಲಿ, ಕಾಲೇಜು ಹುಡುಗರು ರೂಮು ಹಿಡಿಯುವಾಗ. ಹಿತ್ತಾಳೆ ದೀಪ, ಸಮೆ (ದೀಪದ ಕಂಬ) ದೀಪಾವಳಿಗೆ ಒಂದು ತಿಂಗಳು ಮೊದಲು.

ಫೋಟೋ ಮತ್ತು ನಾಲ್ಕು ಸಾಲು

ಬೆಳಿಗ್ಗೆ ಎಂಟರೊಳಗೆ ಬಾಗಿಲ ಹತ್ತಿರ ಇಟ್ಟು ತೆಗೆಯಿರಿ. ನಮ್ಮಲ್ಲಿ ಹತ್ತು ಗಂಟೆಯ ಬಿಸಿಲಿಗೆ ಬಿಳಿ ವಸ್ತು ಬೆಳಕಿನಲ್ಲೇ ಕರಗಿಹೋಗುತ್ತದೆ. ಹಿಂದೆ ಒಂದು ಬಣ್ಣದ ಬೆಡ್‌ಶೀಟ್ ಕಟ್ಟಿದರೆ ಸಾಕು. ಐದು ಫೋಟೋ ಬೇಕು: ಮುಂದು, ಹಿಂದು, ಕಂಪನಿಯ ಹೆಸರಿನ ಪಟ್ಟಿ, ಚಾಲೂ ಇರುವಾಗಿನದು, ಕೊನೆಗೆ ಕೆಟ್ಟ ಜಾಗ. ಈ ಕೊನೆಯ ಫೋಟೋ ಹಾಕಲು ಜನ ಹಿಂಜರಿಯುತ್ತಾರೆ. ಅದನ್ನು ಹಾಕಿದರೆ ಮನೆ ತನಕ ಬಂದು ಮುಖ ಸಿಂಡರಿಸಿ ಹೋಗುವವರು ಬರುವುದೇ ಇಲ್ಲ. ಬರುವವನು ಆಟೊ ತಂದೇ ಬರುತ್ತಾನೆ.

ಬರಹ ಹೀಗಿರಲಿ: ‘ತಗಡಿನ ಕೂಲರ್, ಎರಡು ಅಡಿ ಅಗಲ, ಮೂರೂವರೆ ಅಡಿ ಎತ್ತರ. ಮೋಟರ್, ಪಂಪ್ ಚಾಲೂ. ಹುಲ್ಲಿನ ಪ್ಯಾಡ್ ಬದಲಿಸಬೇಕು. ತಳದಲ್ಲಿ ಒಂದು ಕಡೆ ಸೋರುತ್ತದೆ. ಎರಡನೇ ಮಹಡಿ, ಇಳಿಸಲು ಇಬ್ಬರು ಬೇಕು. ಬೆಲೆ 2,000.’ ‘ಅರ್ಜೆಂಟ್’ ಎಂದು ಬರೆದರೆ ಬೆಲೆ ಅಲ್ಲೇ ಬಿದ್ದಹಾಗೆ. ಊರಿನ ಹೆಸರು ಹಾಕುವಾಗ ‘ಕಲಬುರಗಿ’ ಜೊತೆಗೆ ‘ಗುಲ್ಬರ್ಗಾ’ ಎಂದೂ ಸೇರಿಸಿ. 2014ರಲ್ಲಿ ಹೆಸರು ಬದಲಾದರೂ ಹುಡುಕುವ ಬೆರಳು ಬದಲಾಗಿಲ್ಲ. ವಸ್ತುವಿನ ಹೆಸರು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಇರಲಿ.

ಭಾರದ ಸಾಮಾನಿಗೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಓಣಿಯ ವಾಟ್ಸ್ಆ್ಯಪ್ ಗುಂಪು ಸರಿ. ಗಿರಾಕಿ ಊರಿನವನೇ ಆಗಬೇಕು. ಬಿದ್ರಿ, ಕೌದಿ, ಬಿಡಿಭಾಗಗಳನ್ನು ಮಾತ್ರ ದೂರಕ್ಕೆ ಕಳಿಸಲು ಲೆಕ್ಕ ಕೂಡುತ್ತದೆ. ಕೊರಿಯರ್‌ನವರು ಸಾಮಾನ್ಯವಾಗಿ ತೂಕದ ಜೊತೆ ಡಬ್ಬದ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. 40, 30, 30ರ ಡಬ್ಬದಲ್ಲಿ ಎರಡು ಕಿಲೊ ಕೌದಿ ಇಟ್ಟರೂ 7.2 ಕಿಲೊ ದರ ಬೀಳುತ್ತದೆ. ಕೌದಿಯನ್ನು ಒತ್ತಿ ಸುತ್ತಿ, ಬಿಗಿಯಾಗಿ ಕಟ್ಟಿ. ಅಂಚೆ ಕಚೇರಿಯ ದರವನ್ನೂ ಒಮ್ಮೆ ಕೇಳಿ, ಆಮೇಲೆ ಬೆಲೆ ಹೇಳಿ.

ಫೋನ್ ಬಂದಾಗ

‘ಅಣ್ಣಾ, ಕೂಲರ್ ಅದ ಏನ್ರಿ?’

‘ಅದ ನೋಡ್ರಿ.’

‘ಲಾಸ್ಟ್ ಎಷ್ಟ್ ಮಾಡ್ತೀರಿ?’

ಇಲ್ಲಿ ಸೋಲಬೇಡಿ. ‘ಬಂದು ನೋಡ್ರಿ, ಚಾಲೂ ಮಾಡಿ ತೋರಸ್ತೀನಿ, ಮಾತಾಡೋಣು’ ಅನ್ನಿ. ಫೋನಿನಲ್ಲಿ ಇಳಿಸಿದ ಬೆಲೆ ಮನೆಯಲ್ಲಿ ಮತ್ತೊಮ್ಮೆ ಇಳಿಯುತ್ತದೆ. ನೂರಕ್ಕೆ ಹದಿನೈದಿಪ್ಪತ್ತು ಇಳಿಸಲು ಜಾಗ ಇಟ್ಟುಕೊಂಡೇ ಮೊದಲ ಬೆಲೆ ಬರೆಯಿರಿ. ಹೆಣ್ಣುಮಕ್ಕಳು ಮಾರುವುದಾದರೆ ಆ್ಯಪ್‌ನಲ್ಲಿ ನಂಬರ್ ಕಾಣದಂತೆ ಇಟ್ಟು ಚಾಟ್‌ನಲ್ಲೇ ಮಾತಾಡಬಹುದು. ಸಣ್ಣ ವಸ್ತುವಾದರೆ ಸೂಪರ್ ಮಾರ್ಕೆಟ್‌ನಂಥ ಜನ ಇರುವ ಕಡೆ ಕೊಡಬಹುದು.

ನನಗೆ ಬಂದ ಎರಡನೇ ಫೋನ್ ಬೇರೆ ಥರದ್ದು. ಹಿಂದಿಯಲ್ಲಿ ಮಾತಾಡಿದ. ತಾನು ಸೈನ್ಯದಲ್ಲಿದ್ದೇನೆ, ಬೆಲೆ ಇಳಿಸುವುದೇ ಬೇಡ, ಈಗಲೇ ಪೂರ್ತಿ ಹಣ ಹಾಕುತ್ತೇನೆ, ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅಂದ. ಸೋರುವ ಕೂಲರನ್ನು ನೋಡದೆ ಪೂರ್ತಿ ಬೆಲೆಗೆ ಕೊಳ್ಳುವ ಸೈನಿಕ! ಪಿನ್ ಕೇಳುವುದು ನಿಮ್ಮ ಖಾತೆಯಿಂದ ಹಣ ಹೋಗುವಾಗ. ಬರುವಾಗ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಹಣ ಹಾಕಿದ ಸ್ಕ್ರೀನ್‌ಶಾಟ್ ನಂಬದೆ ನಿಮ್ಮ ಖಾತೆ ತೆರೆದು ನೋಡಿ, ಆಮೇಲೆ ಸಾಮಾನು ಎತ್ತಲು ಬಿಡಿ. ಕೈಮೀರಿ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ತಾಸಿನಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಳೆ ಫೋನ್ ಮಾರುವವರು ಕ್ರಮ ತಪ್ಪಬಾರದು. ಮೊದಲು ಫೋಟೋ, ನಂಬರುಗಳನ್ನು ಬೇರೆ ಕಡೆ ಉಳಿಸಿ. ಆಮೇಲೆ ಗೂಗಲ್ ಖಾತೆಯಿಂದ ಹೊರಬನ್ನಿ. ಅದಾದ ಮೇಲೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಕೊಂಡವನಿಗೆ ನಿಮ್ಮ ಪಾಸ್‌ವರ್ಡ್ ಕೇಳುತ್ತ ಕೂರಬಹುದು. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ. ಬಿಲ್ಲು, ಡಬ್ಬ ಇದ್ದರೆ ಕೊಡಿ. ತಿಳಿದ ಗಿರಾಕಿ ಎಸ್‌ಎಂಎಸ್‌ನಲ್ಲಿ KYM ಎಂದು ಬರೆದು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಸೇರಿಸಿ 14422ಕ್ಕೆ ಕಳಿಸಿ, ಕದ್ದ ಮಾಲಲ್ಲ ಎಂದು ನೋಡಿಯೇ ಕೊಳ್ಳುತ್ತಾನೆ.

ತೆರಿಗೆಯ ಭಯ ಅನೇಕರಿಗಿದೆ. 2025ರಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದದ್ದು ನೆನಪಿದೆಯಲ್ಲ. ಮನೆಯಲ್ಲಿ ಬಳಸಿದ ಸ್ವಂತ ಸಾಮಾನು ಮಾರುವುದು ವ್ಯಾಪಾರವಲ್ಲ. ಕೌದಿ ಹೊಲಿಸಿ ಮಾರುವುದನ್ನೇ ಕಸುಬು ಮಾಡಿಕೊಂಡರೆ ವ್ಯಾಪಾರವಾಯಿತು. ಸರಕಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು. ಆನ್‌ಲೈನ್ ಮಳಿಗೆಗಳ ಮೂಲಕ ಬೇರೆ ರಾಜ್ಯಕ್ಕೆ ಮಾರುವ ಮುಂಚೆ ಮಾತ್ರ ಲೆಕ್ಕಪತ್ರ ಬಲ್ಲವರನ್ನು ಕೇಳಿ.

ಸಾಮಾನು ಹೋದ ಕೂಡಲೇ ಜಾಹೀರಾತು ತೆಗೆದುಹಾಕಿ. ನಾನು ಮರೆತಿದ್ದೆ. ಏಪ್ರಿಲ್ ಪೂರ್ತಿ, ಮೇ ಪೂರ್ತಿ, ಊಟಕ್ಕೆ ಕೂತಾಗ, ಮಧ್ಯಾಹ್ನ ಕಣ್ಣು ಮುಚ್ಚಿದಾಗ ಫೋನ್: ‘ಅಣ್ಣಾ, ಕೂಲರ್ ಅದ ಏನ್ರಿ?’